ಆರ್‌ಎಫ್ ಆಂಪ್ಲಿಫೈಯರ್‌ನಲ್ಲಿ ಪವರ್ ಸಮಸ್ಯೆ: ಪದೇ ಪದೇ ಕೇಳುವ ಪ್ರಶ್ನೆಗಳು

ಆರ್‌ಎಫ್ ಆಂಪ್ಲಿಫೈಯರ್ ಎಂದರೆ ರೇಡಿಯೋ ಕೊಡುವ ಸಿಗ್ನಲ್ಲಿನ ಪವರ್ ಏರಿಸಿ ಆಂಟೆನಾಗೆ ಕಳಿಸುವ ಡಬ್ಬಿ. ಅದು ಕೈಕೊಟ್ಟಾಗ ಬಾಯಿಗೆ ಬರುವ ಮೊದಲ ಮಾತು ಹೆಚ್ಚಾಗಿ ಒಂದೇ: "ಟ್ರಾನ್ಸಿಸ್ಟರ್ ಹೋಗಿರಬೇಕು." ಹಾಗೆ ಹೇಳಿಕೊಂಡು ಬಂದ ಎಷ್ಟೋ ಡಬ್ಬಿಗಳನ್ನು ಬಿಚ್ಚಿ ನೋಡಿದ್ದೇನೆ. ತೊಂದರೆ ಸಿಕ್ಕಿದ್ದು ಬಹುಪಾಲು ವೈರಿನಲ್ಲಿ, ರಿಲೇಯಲ್ಲಿ, ಕನೆಕ್ಟರಿನಲ್ಲಿ. ಟ್ರಾನ್ಸಿಸ್ಟರ್ ನಿಜವಾಗಿ ಸತ್ತಿದ್ದಾಗಲೂ ಅದನ್ನು ಕೊಂದದ್ದು ಬೇರೆ ಯಾವುದೋ ಆಗಿತ್ತು. ಅದಕ್ಕೇ ಇಲ್ಲಿನ ಉತ್ತರಗಳೆಲ್ಲ ಅಳತೆಯಿಂದ ಶುರುವಾಗುತ್ತವೆ, ಬೆಸುಗೆ ಕಡ್ಡಿಯಿಂದ ಅಲ್ಲ. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಮುಚ್ಚಳ ಬಿಚ್ಚುವ ಮೊದಲು

ಪವರ್ ಕಡಿಮೆ ಬರ್ತಿದೆ. ಎಲ್ಲಿಂದ ಶುರು ಮಾಡಲಿ?

ಆಂಟೆನಾ ತೆಗೆದು ಡಮ್ಮಿ ಲೋಡ್ (ಆಂಟೆನಾ ಬದಲು ಪವರನ್ನು ಶಾಖವಾಗಿಸಿ ನುಂಗುವ 50 ಓಮ್ ರೆಸಿಸ್ಟರ್) ಹಾಕಿ. ಇದೊಂದೇ ಕೆಲಸ ಅರ್ಧ ಗೊಂದಲ ಕಳೆಯುತ್ತದೆ. ಡಮ್ಮಿ ಲೋಡಿನಲ್ಲಿ ಪವರ್ ಸರಿ ಬಂದರೆ ಆಂಪ್ಲಿಫೈಯರ್ ಚೆನ್ನಾಗಿದೆ. ಆಂಟೆನಾ, ಕೇಬಲ್, ಟ್ಯೂನರ್ ಕಡೆ ಹುಡುಕಿ. ಡಮ್ಮಿ ಲೋಡಿನಲ್ಲೂ ಕಡಿಮೆ ಬಂದರೆ, ಆಂಪ್ಲಿಫೈಯರನ್ನು ಪಕ್ಕಕ್ಕಿಟ್ಟು ರೇಡಿಯೋವನ್ನೇ ನೇರವಾಗಿ ಡಮ್ಮಿ ಲೋಡಿಗೆ ಕೊಟ್ಟು ಡ್ರೈವ್, ಅಂದರೆ ರೇಡಿಯೋ ಆಂಪ್ಲಿಫೈಯರಿಗೆ ಕೊಡುವ ಪವರ್, ಎಷ್ಟಿದೆ ಅಳೆಯಿರಿ. 5 ವಾಟ್ ಕೊಟ್ಟು 100 ವಾಟ್ ಪಡೆಯುವ ಆಂಪ್ಲಿಫೈಯರಿನ ಗೇನ್ 13 ಡಿಬಿ (ಡೆಸಿಬೆಲ್), ಅಂದರೆ 20 ಪಟ್ಟು. ಅದಕ್ಕೆ ರೇಡಿಯೋ 2 ವಾಟ್ ಮಾತ್ರ ಕೊಡುತ್ತಿದ್ದರೆ ಹೊರಗೆ 40 ವಾಟ್ ಬರುವುದು ಸರಿಯೇ. ಆಂಪ್ಲಿಫೈಯರ್ ತನ್ನ ಕೆಲಸ ಸರಿಯಾಗಿ ಮಾಡಿದೆ.

ಡಮ್ಮಿ ಲೋಡನ್ನೂ ಒಮ್ಮೆ ಮಲ್ಟಿಮೀಟರಿನಲ್ಲಿ ಅಳೆಯಿರಿ. 50 ಓಮ್ ಆಸುಪಾಸು ಇರಬೇಕು. ತಣ್ಣಗಿರುವಾಗ ಒಮ್ಮೆ, ಬಿಸಿಯಾದ ಮೇಲೆ ಒಮ್ಮೆ. ಹಿಂದೆ ಯಾವಾಗಲೋ ಸುಟ್ಟ ಲೋಡ್ ಬಿಸಿಯಾದಾಗ 60ಕ್ಕೋ 65ಕ್ಕೋ ಏರಬಹುದು.

ಕೊಟ್ಟಷ್ಟೇ ಹೊರಗೆ ಬರ್ತಿದೆ, ಒಂದು ವಾಟೂ ಜಾಸ್ತಿ ಇಲ್ಲ. ಯಾಕೆ?

ಆಂಪ್ಲಿಫೈಯರ್ ಬೈಪಾಸ್‌ನಲ್ಲಿದೆ. ಡ್ರೈವ್ ರಿಲೇ ಮೂಲಕ ಸೀದಾ ಹೊರಗೆ ಹೋಗುತ್ತಿದೆ. ಪ್ರಸಾರ ಶುರುವಾಯಿತು ಎಂದು ಆಂಪ್ಲಿಫೈಯರಿಗೆ ಹೇಳುವ ಕೀಯಿಂಗ್ ಲೈನ್ ನೋಡಿ: ರೇಡಿಯೋದಿಂದ ಬರುವ ಪಿಟಿಟಿ (ಪುಶ್ ಟು ಟಾಕ್) ಕೇಬಲ್, ಅದರ ಪ್ಲಗ್, ರೇಡಿಯೋ ಮೆನುವಿನ ಸೆಟ್ಟಿಂಗ್. ಆ ಲೈನನ್ನು ಒಂದು ತುಂಡು ವೈರಿನಿಂದ ಗ್ರೌಂಡ್ ಮಾಡಿದಾಗ ರಿಲೇ "ಟಿಕ್" ಎಂದರೆ ಒಳಗೆ ಸರಿಯಿದೆ, ದೋಷ ಕೇಬಲಿನಲ್ಲೋ ರೇಡಿಯೋದಲ್ಲೋ ಇದೆ.

ಮಾತಾಡುವಾಗ ಮೀಟರ್ 30 ವಾಟ್ ಮಾತ್ರ ತೋರಿಸುತ್ತೆ. 100 ವಾಟ್ ಅಂತ ಬರೆದಿದೆಯಲ್ಲ?

ಎಸ್‌ಎಸ್‌ಬಿಯಲ್ಲಿ (ಸಿಂಗಲ್ ಸೈಡ್‌ಬ್ಯಾಂಡ್, ಮಾತು ಕಳಿಸುವ ಒಂದು ವಿಧಾನ) ಪವರ್ ಮಾತಿನ ಜೊತೆ ಏರಿಳಿಯುತ್ತದೆ. ಸಾಮಾನ್ಯ ಮೀಟರ್ ಸರಾಸರಿಯನ್ನು ತೋರಿಸುತ್ತದೆ, ಡಬ್ಬಿಯ ಮೇಲೆ ಬರೆದಿರುವುದು ಪೀಕ್ ಪವರ್, ಅಂದರೆ ಪಿಇಪಿ. ಎರಡು ಸಮ ಟೋನ್ ಕೊಟ್ಟು ನೋಡಿದರೂ ಸರಾಸರಿ ಪಿಇಪಿಯ ಅರ್ಧವೇ. ಮನುಷ್ಯನ ದನಿಯಲ್ಲಿ ಇನ್ನೂ ಕಡಿಮೆ. ಸಿಡಬ್ಲ್ಯೂ (ಮೋರ್ಸ್) ಮೋಡಿಗೆ ಹಾಕಿ, ಕೀ ಒತ್ತಿ ಹಿಡಿದು ನೋಡಿ. ಆಗ 100 ಬಂದರೆ ಏನೂ ಕೆಟ್ಟಿಲ್ಲ. ಮೈಕ್ ಗೇನ್ ಏರಿಸಿ ಮುಳ್ಳನ್ನು 100ಕ್ಕೆ ತರಲು ಹೋಗಬೇಡಿ, ಸಿಗ್ನಲ್ ಹರಡಿ ಪಕ್ಕದವರಿಗೆ ಕಾಟವಾಗುತ್ತದೆ.

ನನ್ನ ವಾಟ್‌ಮೀಟರ್ ಎಷ್ಟು ನಂಬಬಹುದು?

ಒಳ್ಳೆಯ ಹೆಸರಿರುವ ಬರ್ಡ್ 43 ಮೀಟರಿನ ನಿಖರತೆಯೇ ಪೂರ್ಣ ಸ್ಕೇಲಿನ 5 ಶೇಕಡಾ. ಅಂದರೆ 100 ವಾಟ್ ಸ್ಕೇಲಿನಲ್ಲಿ ಎಲ್ಲಿ ಓದಿದರೂ 5 ವಾಟ್ ಆಚೀಚೆ ಇರಬಹುದು. ಅದೇ ಸ್ಕೇಲಿನಲ್ಲಿ 10 ವಾಟ್ ಓದಿದರೆ ಅದು 5 ಇರಬಹುದು, 15 ಕೂಡ ಇರಬಹುದು.

ಆಸಿಲೋಸ್ಕೋಪ್ ಇದ್ದರೆ ಡಮ್ಮಿ ಲೋಡಿನ ಮೇಲಿನ ವೋಲ್ಟೇಜನ್ನೇ ನೋಡಿ. ಮೇಲಿಂದ ಕೆಳಗಿನವರೆಗಿನ ವೋಲ್ಟೇಜನ್ನು ಅದರಿಂದಲೇ ಗುಣಿಸಿ 400ರಿಂದ ಭಾಗಿಸಿದರೆ 50 ಓಮ್ ಲೋಡಿನ ವಾಟ್ ಸಿಗುತ್ತದೆ. 200 ವೋಲ್ಟ್ ಬಂದರೆ 100 ವಾಟ್. ಪ್ರೋಬ್ 10:1 ಇರಲಿ, ಆ ಫ್ರೀಕ್ವೆನ್ಸಿಯಲ್ಲಿ ಅದು ಎಷ್ಟು ವೋಲ್ಟ್ ತಡೆಯುತ್ತದೆ ಎಂದೂ ನೋಡಿಕೊಳ್ಳಿ. ಫ್ರೀಕ್ವೆನ್ಸಿ ಏರಿದಂತೆ ಆ ಮಿತಿ ಇಳಿಯುತ್ತದೆ.

ಮೊದಲು 100 ಬರ್ತಿತ್ತು, ಈಗ 80. ರಿಪೇರಿ ಮಾಡಿಸಬೇಕಾ?

20 ವಾಟ್ ಹೋಯಿತಲ್ಲ ಅನಿಸುತ್ತದೆ. ಡಿಬಿಯಲ್ಲಿ ಅದು ಬರೀ 1. ರಿಸೀವರಿನ ಸಿಗ್ನಲ್ ಮೀಟರಿನ ಒಂದು ಹೆಜ್ಜೆ, ಅಂದರೆ ಒಂದು ಎಸ್ ಯೂನಿಟ್, 6 ಡಿಬಿ. ಎದುರಿನವರಿಗೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಅಷ್ಟಕ್ಕೇ ಬಿಚ್ಚಬೇಡಿ. ಆದರೆ ಗಮನದಲ್ಲಿಡಿ. ನಿಧಾನವಾಗಿ ಇಳಿದಿದ್ದರೆ ಸುಮ್ನೆ ಬಿಡಬಹುದು, ನಿನ್ನೆ ಇದ್ದದ್ದು ಇವತ್ತು ಇಲ್ಲ ಎಂದರೆ ಕಾರಣ ಹುಡುಕಲೇಬೇಕು. ಎಲ್ಲ ಸರಿಯಿದ್ದ ದಿನ ಪ್ರತಿ ಬ್ಯಾಂಡಿನ (ಫ್ರೀಕ್ವೆನ್ಸಿ ಪಟ್ಟಿಯ) ಡ್ರೈವ್, ಔಟ್‌ಪುಟ್, ಕರೆಂಟ್ ಈ ಮೂರನ್ನೂ ಬರೆದು ಮುಚ್ಚಳದ ಒಳಗೇ ಅಂಟಿಸಿಡಿ. ಮುಂದೆ ಏನೇ ಆದರೂ ಹೋಲಿಸಿ ನೋಡಲು ಅಷ್ಟು ಸಾಕು.

ಒಳಗೆ ಕೈ ಹಾಕೋದು ಅಪಾಯವಾ?

13.8 ವೋಲ್ಟ್ ಆಂಪ್ಲಿಫೈಯರ್ ಆದರೆ ಶಾಕ್ ಭಯ ಕಡಿಮೆ. ಆದರೂ ಪ್ರಸಾರದ ವೇಳೆ ಔಟ್‌ಪುಟ್ ಮುಟ್ಟಿದರೆ ಆರ್‌ಎಫ್ ಚರ್ಮ ಸುಡುತ್ತದೆ. ಉಂಗುರ, ಲೋಹದ ಗಡಿಯಾರ ತೆಗೆದಿಡಿ. 30 ಆಂಪಿಯರ್ ಸಪ್ಲೈ ಉಂಗುರದ ಮೂಲಕ ಶಾರ್ಟ್ ಆದರೆ ಬೆರಳು ಬೇಯುತ್ತದೆ.

ವಾಲ್ವ್ (ಟ್ಯೂಬ್) ಆಂಪ್ಲಿಫೈಯರ್ ಮಾತೇ ಬೇರೆ. ಅಲ್ಲಿ 2000ದಿಂದ 4000 ವೋಲ್ಟ್ ಇರುತ್ತದೆ. ಸಿಕ್ಕಿಕೊಂಡರೆ ಎರಡನೇ ಅವಕಾಶ ಇರುವುದಿಲ್ಲ. ಒಂದು ಲೆಕ್ಕ ನೋಡಿ. 240 ಮೈಕ್ರೋಫ್ಯಾರಡ್‌ನ ಎಂಟು ಕೆಪಾಸಿಟರ್ ಸಾಲಾಗಿ ಸೇರಿದರೆ 30 ಮೈಕ್ರೋಫ್ಯಾರಡ್. 3000 ವೋಲ್ಟಿನಲ್ಲಿ ಅದರೊಳಗೆ 135 ಜೂಲ್ ಕೂತಿರುತ್ತದೆ. ಪ್ರತಿಯೊಂದಕ್ಕೂ 100 ಕಿಲೋ ಓಮ್ ಬ್ಲೀಡರ್ (ಆಫ್ ಮಾಡಿದ ಮೇಲೆ ಚಾರ್ಜ್ ಇಳಿಸುವ ರೆಸಿಸ್ಟರ್) ಇದ್ದರೆ 20 ವೋಲ್ಟಿಗೆ ಇಳಿಯಲು ಎರಡು ನಿಮಿಷ ಬೇಕು. ಒಂದು ಬ್ಲೀಡರ್ ತುಂಡಾಗಿದ್ದರೆ? ಅದರ ಕೆಪಾಸಿಟರ್ ಗಂಟೆಗಟ್ಟಲೆ ಚಾರ್ಜ್ ಹಿಡಿದುಕೊಂಡಿರಬಹುದು. ಆದ್ದರಿಂದ ಪ್ಲಗ್ ಗೋಡೆಯಿಂದ ಕಿತ್ತು ಕಣ್ಣೆದುರು ಇಡಿ, ಐದು ನಿಮಿಷ ಕಾಯಿರಿ, ಉದ್ದ ಹಿಡಿಕೆಯ ಡಿಸ್ಚಾರ್ಜ್ ಕಡ್ಡಿಯಿಂದ ಹೈ ವೋಲ್ಟೇಜನ್ನು ಚಾಸಿಗೆ ಮುಟ್ಟಿಸಿ. ಕೆಲಸ ಮುಗಿಯುವವರೆಗೂ ಒಂದು ಕ್ಲಿಪ್ಪಿನಿಂದ ಅದನ್ನು ಚಾಸಿಗೆ ಕಟ್ಟಿಡಿ, ಆನ್ ಮಾಡುವ ಮೊದಲು ನೆನಪಿಟ್ಟು ತೆಗೆಯಿರಿ. ಒಬ್ಬರೇ ಇರುವಾಗ ಈ ಕೆಲಸ ಮಾಡಬೇಡಿ. ನಾನೂ ಮಾಡುವುದಿಲ್ಲ.

## ಸಪ್ಲೈ ಕಡೆಯ ತೊಂದರೆಗಳು

ಫ್ಯೂಸ್ ಹಾಕಿದ ತಕ್ಷಣ ಹಾರಿಹೋಗುತ್ತೆ. ಸ್ವಲ್ಪ ದೊಡ್ಡದು ಹಾಕಿ ನೋಡಲಾ?

ಬೇಡ. ಫ್ಯೂಸ್ ಹಾರುತ್ತಿದೆ ಎಂದರೆ ಒಳಗೆ ಯಾವುದೋ ದಾರಿ ಶಾರ್ಟ್ ಆಗಿದೆ. ದೊಡ್ಡದು ಹಾಕಿದರೆ ಬೋರ್ಡಿನ ತಾಮ್ರವೇ ಫ್ಯೂಸ್ ಆಗಿ ಸುಡುತ್ತದೆ. ಮೊದಲು ಸಪ್ಲೈ ಬಿಚ್ಚಿ, ಪಾಸಿಟಿವ್ ಮತ್ತು ಗ್ರೌಂಡ್ ನಡುವೆ ಓಮ್ ಅಳೆಯಿರಿ. ಒಂದೆರಡು ಓಮ್ ಬಂದರೆ ಶಂಕಿತರು ಮೂವರು: ಉಲ್ಟಾ ಕನೆಕ್ಷನ್ ತಡೆಯಲು ಹಾಕಿರುವ ಡಯೋಡ್, ಸಪ್ಲೈ ಲೈನಿನ ಆರ್‌ಎಫನ್ನು ಗ್ರೌಂಡಿಗೆ ಇಳಿಸುವ ಡಿಕಪ್ಲಿಂಗ್ ಕೆಪಾಸಿಟರ್, ಪವರ್ ಟ್ರಾನ್ಸಿಸ್ಟರ್. ಆ ಡಯೋಡ್ ಶಾರ್ಟ್ ಆಗಿದ್ದರೆ ಯಾರೋ ಒಮ್ಮೆ ಪ್ಲಸ್ ಮೈನಸ್ ಅದಲುಬದಲು ಕೊಟ್ಟಿದ್ದಾರೆ ಎಂದೇ ಅರ್ಥ. ಅದು ತಾನು ಸತ್ತು ಉಳಿದದ್ದನ್ನು ಉಳಿಸಿದೆ. ಮೂವರಲ್ಲಿ ಸಿಕ್ಕರೆ ಖುಷಿಪಡಬೇಕಾದ ದೋಷ ಇದೇ.

ರಿಪೇರಿ ಆದ ಮೇಲೆ ಮೊದಲ ಬಾರಿ ಕರೆಂಟ್ ಮಿತಿ ಇರುವ ಬೆಂಚ್ ಸಪ್ಲೈಯಿಂದ ಕೊಡಿ. ಮಿತಿ 1 ಆಂಪಿಯರ್ ಇಡಿ. ಟ್ರಾನ್ಸ್‌ಫಾರ್ಮರ್ ಇರುವ ಮೇನ್ಸ್ ಸಪ್ಲೈ ಆದರೆ ಸಾಲಿನಲ್ಲಿ ಹಳೇ ಕಾಲದ ತಂತಿ ಬಲ್ಬ್ ಹಾಕಬಹುದು. ಒಮ್ಮೆ ಮಿಂಚಿ ಮಂದವಾದರೆ ಸರಿ, ಪೂರ್ತಿ ಉರಿಯುತ್ತಲೇ ಇದ್ದರೆ ಇನ್ನೂ ಶಾರ್ಟ್ ಇದೆ. ಸ್ವಿಚ್ ಮೋಡ್ ಸಪ್ಲೈಗೆ ಈ ಬಲ್ಬ್ ಉಪಾಯ ಅಷ್ಟಾಗಿ ಹೊಂದುವುದಿಲ್ಲ. ಅದು ಆನ್ ಆಫ್ ಆಗುತ್ತಾ ತಪ್ಪು ಸೂಚನೆ ಕೊಡುತ್ತದೆ.

ಸಪ್ಲೈ ಮೀಟರಿನಲ್ಲಿ 13.8 ಸರಿಯಾಗಿ ಇದೆ. ಆದರೂ ಪವರ್ ಇಲ್ಲ. ಯಾಕೆ?

ನನ್ನ ಮಟ್ಟಿಗೆ ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದು. 13.8 ಇರುವುದು ಸಪ್ಲೈ ಟರ್ಮಿನಲ್‌ನಲ್ಲಿ. ಪ್ರಸಾರ ಮಾಡುವಾಗ ಬೋರ್ಡಿಗೆ ಎಷ್ಟು ತಲುಪುತ್ತಿದೆ ಎನ್ನುವುದೇ ಬೇರೆ ಲೆಕ್ಕ.

ನನ್ನದೇ ಆಂಪ್ಲಿಫೈಯರಿನಲ್ಲಿ ನಡೆದದ್ದು ಹೇಳುತ್ತೇನೆ. 100 ವಾಟ್ ಬರುತ್ತಿದ್ದದ್ದು 65ರ ಹತ್ತಿರ ನಿಂತಿತ್ತು. ಡಮ್ಮಿ ಲೋಡ್ ಹಾಕಿ, ಕೀ ಒತ್ತಿ, ಬೋರ್ಡಿನ ಮೇಲೆಯೇ ಅಳೆದೆ: 11.3 ವೋಲ್ಟ್. ಎಲ್ಲೋ 2.5 ವೋಲ್ಟ್ ಕಳೆದುಹೋಗುತ್ತಿತ್ತು. ಎಲ್ಲಿ ಎಂದು ತಿಳಿಯಲು ಮೀಟರಿನ ಎರಡು ಕಡ್ಡಿಗಳನ್ನು ದಾರಿಯ ಒಂದೊಂದು ತುಂಡಿನ ಎರಡು ತುದಿಗೆ ಇಡುತ್ತಾ ಹೋದೆ. ಪಾಸಿಟಿವ್ ವೈರ್ 0.4. ನೆಗೆಟಿವ್ ವೈರ್ 0.5. ಫ್ಯೂಸ್ ಹೋಲ್ಡರ್ 1.6! ಹೊರಗಿಂದ ಹೊಸದರ ಹಾಗೇ ಇತ್ತು. ಫ್ಯೂಸ್ ಕಿತ್ತು ನೋಡಿದರೆ ಒಳಗಿನ ಒಂದು ಹಿತ್ತಾಳೆ ಕವೆ ಕಂದು ಬಣ್ಣಕ್ಕೆ ತಿರುಗಿ, ಅಗಲವಾಗಿ ಬಿಟ್ಟುಕೊಂಡಿತ್ತು. ಸುತ್ತಲಿನ ಪ್ಲಾಸ್ಟಿಕ್ ಉಗುರಿಗೆ ಮೆತ್ತಗೆ ಸಿಗುತ್ತಿತ್ತು. 1.6 ವೋಲ್ಟ್, ಸುಮಾರು 20 ಆಂಪಿಯರ್, ಅಂದರೆ 32 ವಾಟ್. ಒಂದು ಸಣ್ಣ ಬೆಸುಗೆ ಕಡ್ಡಿಯ ಶಾಖ ಆ ಪುಟ್ಟ ಹೋಲ್ಡರಿನೊಳಗೆ.

ಔಟ್‌ಪುಟ್ ಪವರ್ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. 11.3ನ್ನು 13.8ರಿಂದ ಭಾಗಿಸಿ ವರ್ಗ ಮಾಡಿದರೆ 0.67. ನೂರಕ್ಕೆ 67. ಮೀಟರ್ ತೋರಿಸಿದ್ದಕ್ಕೆ ಸರಿಯಾಗಿ ಹೊಂದಿತು. ಹೋಲ್ಡರ್ ಬದಲಿಸಿದೆ, ವೈರ್ ಒಂದು ಅಳತೆ ದಪ್ಪದ್ದು ಹಾಕಿದೆ, 100 ವಾಟ್ ವಾಪಸ್ ಬಂತು.

ಈ ಪರೀಕ್ಷೆಯನ್ನು ಪ್ರಸಾರದ ವೇಳೆಯೇ ಮಾಡಬೇಕು. ಕರೆಂಟ್ ಹರಿಯದಿದ್ದರೆ ವೋಲ್ಟೇಜ್ ಬೀಳುವುದೂ ಇಲ್ಲ. ಹತ್ತಿರದಲ್ಲಿ ಆರ್‌ಎಫ್ ಇರುವಾಗ ಕೆಲವು ಡಿಜಿಟಲ್ ಮೀಟರುಗಳು ಮನಸ್ಸಿಗೆ ಬಂದ ಅಂಕಿ ತೋರಿಸುತ್ತವೆ. ಕಡ್ಡಿಗಳ ನಡುವೆ 0.01 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಹಾಕಿದರೆ ಬಹುಪಾಲು ಸರಿಹೋಗುತ್ತದೆ.

ನನ್ನ ಸಿಗ್ನಲ್ಲಿನಲ್ಲಿ ಗುಂಯ್ ಅಂತ ಶಬ್ದ ಇದೆ ಅಂತಾರೆ.

ಲೀನಿಯರ್ ಸಪ್ಲೈ ಆಗಿದ್ದರೆ ಫಿಲ್ಟರ್ ಕೆಪಾಸಿಟರ್ ಒಣಗಿರಬೇಕು. 50 ಹರ್ಟ್ಜ್ ಮೇನ್ಸಿಗೆ ಆ ಗುಂಯ್ 100 ಹರ್ಟ್ಜ್, 60ಕ್ಕೆ 120. ಪ್ರಸಾರದ ವೇಳೆ ಸಪ್ಲೈ ಲೈನಿನ ಎಸಿ ವೋಲ್ಟೇಜ್ ಅಳೆಯಿರಿ. ಅರ್ಧ ವೋಲ್ಟ್ ದಾಟಿದರೆ ಕೆಪಾಸಿಟರ್ ಬದಲಿಸಿ.

## ಔಟ್‌ಪುಟ್ ಕಡೆಯ ತೊಂದರೆಗಳು

ಒಂದು ಬ್ಯಾಂಡಿನಲ್ಲಿ ಮಾತ್ರ ಪವರ್ ಬೀಳುತ್ತೆ, ಉಳಿದವು ಚೆನ್ನಾಗಿವೆ.

ಹಾಗಾದರೆ ಟ್ರಾನ್ಸಿಸ್ಟರ್, ಬಯಾಸ್ (ಟ್ರಾನ್ಸಿಸ್ಟರನ್ನು ಸ್ವಲ್ಪ ತೆರೆದಿಡುವ ವೋಲ್ಟೇಜ್), ಸಪ್ಲೈ ಎಲ್ಲ ನಿರ್ದೋಷಿ. ಎಲ್ಲ ಬ್ಯಾಂಡಿಗೂ ಅವೇ ತಾನೇ ಕೆಲಸ ಮಾಡುವುದು. ಆ ಬ್ಯಾಂಡಿನ ಲೋ ಪಾಸ್ ಫಿಲ್ಟರ್ (ಅದಕ್ಕಿಂತ ಮೇಲಿನ ಫ್ರೀಕ್ವೆನ್ಸಿ ತಡೆಯುವಂಥದ್ದು) ಅಥವಾ ಅದನ್ನು ಆರಿಸುವ ರಿಲೇ ಕೆಟ್ಟಿದೆ. ಅನೇಕ ವಿನ್ಯಾಸಗಳಲ್ಲಿ 17 ಮತ್ತು 15 ಮೀಟರ್ ಬ್ಯಾಂಡಿಗೆ (ಬ್ಯಾಂಡಿನ ಹೆಸರು ಅದರ ತರಂಗದ ಉದ್ದ) ಒಂದೇ ಫಿಲ್ಟರ್ ಇರುತ್ತದೆ. ಎರಡರಲ್ಲೂ ಪವರ್ ಬಿದ್ದಿದ್ದರೆ ಅನುಮಾನವೇ ಬೇಡ.

ಬ್ಯಾಂಡ್ ಬದಲಿಸುವಾಗ ರಿಲೇ ಸದ್ದು ಬರುತ್ತದಾ ಕೇಳಿ. ಬಂದರೆ, ನ್ಯಾನೋವಿಎನ್‌ಎ (ಫಿಲ್ಟರ್, ಆಂಟೆನಾ ಅಳೆಯುವ ಪುಟ್ಟ ಉಪಕರಣ) ಇದ್ದವರು ಫಿಲ್ಟರಿನ ಲಾಸ್ ಅಳೆಯಬಹುದು. 0.5 ಡಿಬಿ ಲಾಸ್ ಎಂದರೆ 100 ವಾಟಿನಲ್ಲಿ 11 ವಾಟ್ ಫಿಲ್ಟರಿನಲ್ಲೇ ಶಾಖವಾಗುತ್ತಿದೆ. ಕೆಲವು ಕೆಪಾಸಿಟರ್ ನ್ಯಾನೋವಿಎನ್‌ಎಯ ಸಣ್ಣ ಸಿಗ್ನಲ್ಲಿಗೆ ಸರಿಯಾಗಿ ಕಂಡು, ಪೂರ್ತಿ ವೋಲ್ಟೇಜ್ ಬಂದಾಗ ಮಾತ್ರ ಕೈಕೊಡುತ್ತವೆ. ಹತ್ತು ಸೆಕೆಂಡ್ ಪ್ರಸಾರ ಮಾಡಿ, ಸ್ವಿಚ್ ಆಫ್ ಮಾಡಿ, ಆಮೇಲೆ ಒಂದೊಂದೇ ಕೆಪಾಸಿಟರಿಗೆ ಬೆರಳು ಹತ್ತಿರ ತನ್ನಿ. ಬಿಸಿಯಾದದ್ದೇ ಕೆಟ್ಟದ್ದು.

ಕೆಳಗಿನ ಬ್ಯಾಂಡುಗಳಲ್ಲೆಲ್ಲ ಬಿದ್ದು ಮೇಲಿನವುಗಳಲ್ಲಿ ಸರಿಯಿದ್ದರೆ ಫಿಲ್ಟರ್ ಬಿಟ್ಟು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಫೆರೈಟ್ ನೋಡಿ. ಬಿರುಕು ಬಿಟ್ಟರೆ ಇಂಡಕ್ಟೆನ್ಸ್ ಇಳಿಯುತ್ತದೆ, ಏಟು ಮೊದಲು ಬೀಳುವುದು 160 ಮತ್ತು 80 ಮೀಟರಿಗೆ.

ಆಂಪ್ಲಿಫೈಯರ್ ಸಾಲಿನಲ್ಲಿದ್ದಾಗ ರಿಸೀವ್ ಡಲ್, ತಟ್ಟಿದರೆ ಸರಿಹೋಗುತ್ತೆ.

ಟ್ರಾನ್ಸ್‌ಮಿಟ್ ರಿಸೀವ್ ರಿಲೇ. ಅದರ ಕಾಂಟ್ಯಾಕ್ಟಿಗೆ ಪಾಚಿ ಹಿಡಿದಂತೆ ಆಕ್ಸೈಡ್ ಕಟ್ಟಿದೆ. ಪ್ರಸಾರದ ಜೋರು ಆರ್‌ಎಫ್ ಆ ಪದರವನ್ನು ದಾಟುತ್ತದೆ, ಆಂಟೆನಾದಿಂದ ಬರುವ ಮೈಕ್ರೋವೋಲ್ಟ್ ದಾಟುವುದಿಲ್ಲ. ಉಪ್ಪುಕಾಗದ ಹಾಕಿ ಉಜ್ಜಬೇಡಿ, ಚಿನ್ನದ ಲೇಪ ಹೋಗುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹಚ್ಚಿದ ಕಾಗದದ ಪಟ್ಟಿ ಎಳೆದು ನೋಡಿ. ಪದೇ ಪದೇ ಆಗುತ್ತಿದ್ದರೆ ರಿಲೇ ಮುಚ್ಚುವ ಮೊದಲೇ ಡ್ರೈವ್ ಬರುತ್ತಿರಬಹುದು. ತೆರೆದ ರಿಲೇ ಮುಚ್ಚಲು 10ರಿಂದ 20 ಮಿಲಿಸೆಕೆಂಡ್ ಬೇಕು. ರೇಡಿಯೋ ಮೆನುವಿನಲ್ಲಿ ಟಿಎಕ್ಸ್ ಡಿಲೇ ಇದ್ದರೆ ಅದಕ್ಕಿಂತ ಜಾಸ್ತಿ ಇಡಿ.

ಶುರುವಿನಲ್ಲಿ ಪೂರ್ತಿ ಪವರ್, ಆಮೇಲೆ ಇಳೀತಾ ಹೋಗುತ್ತೆ.

ಎಷ್ಟು ಹೊತ್ತಿಗೆ ಇಳಿಯುತ್ತದೆ ಎನ್ನುವುದನ್ನು ಗಡಿಯಾರ ಹಿಡಿದು ನೋಡಿ. ಕೆಲವೇ ಸೆಕೆಂಡಿನಲ್ಲಿ ಇಳಿದರೆ ಬಿಸಿಯಾಗುತ್ತಿರುವುದು ಸಣ್ಣ ವಸ್ತು: ಫಿಲ್ಟರ್ ಕೆಪಾಸಿಟರ್, ಒಣ ಬೆಸುಗೆ, ಕನೆಕ್ಟರಿನ ಪಿನ್. ಐದಾರು ನಿಮಿಷಕ್ಕೆ ಇಳಿದರೆ ಹೀಟ್‌ಸಿಂಕ್. ಫ್ಯಾನಿಗೆ ಧೂಳು, ಒಣಗಿದ ಥರ್ಮಲ್ ಪೇಸ್ಟ್, ಸಡಿಲ ಸ್ಕ್ರೂ ನೋಡಿ. ಹೀಟ್‌ಸಿಂಕ್ ತಣ್ಣಗಿದ್ದು ಟ್ರಾನ್ಸಿಸ್ಟರ್ ಮಾತ್ರ ಸುಡುತ್ತಿದ್ದರೆ ಎರಡರ ನಡುವೆ ಶಾಖ ದಾಟುತ್ತಿಲ್ಲ. ಇದು ಮೋಸದ ಸ್ಥಿತಿ. ಕೈಗೆ ತಣ್ಣಗೆ ಸಿಗುವ ಹೀಟ್‌ಸಿಂಕ್ ನೋಡಿ ಎಲ್ಲ ಚೆನ್ನಾಗಿದೆ ಅಂದುಕೊಳ್ಳುತ್ತೇವೆ.

500 ವಾಟ್ ಬರಬೇಕಿತ್ತು, ಸರಿಯಾಗಿ 125ಕ್ಕೆ ನಿಂತಿದೆ. ಅರ್ಧ ಹೋದರೆ 250 ಬರಬೇಕಲ್ವಾ?

ಹಾಗನಿಸುವುದು ಸಹಜ. ಎರಡು 250 ವಾಟ್ ಮಾಡ್ಯೂಲನ್ನು ಕಂಬೈನರ್ ಸೇರಿಸುತ್ತದೆ ಅನ್ನಿ. ಒಂದು ಸತ್ತಾಗ ಉಳಿದದ್ದು 250 ಕೊಡುತ್ತಲೇ ಇರುತ್ತದೆ. ಆದರೆ ಕಂಬೈನರ್ ಅದರಲ್ಲಿ ಅರ್ಧವನ್ನು ಬ್ಯಾಲೆನ್ಸ್ ರೆಸಿಸ್ಟರಿಗೆ ಕಳಿಸುತ್ತದೆ. ಹೊರಗೆ 125, ರೆಸಿಸ್ಟರಿನಲ್ಲಿ 125. ಒಟ್ಟು ಕಾಲು ಭಾಗಕ್ಕೆ ಇಳಿದಿದ್ದು, ಬ್ಯಾಲೆನ್ಸ್ ರೆಸಿಸ್ಟರ್ ಕಾದಿದ್ದರೆ ಒಂದು ಮಾಡ್ಯೂಲ್ ಹೋಗಿದೆ ಎಂದೇ ತಿಳಿಯಿರಿ. ಹಾಗೇ ಓಡಿಸಬೇಡಿ, ರೆಸಿಸ್ಟರೂ ಸುಡುತ್ತದೆ.

ಪ್ರೊಟೆಕ್ಷನ್ ಸುಮ್ಸುಮ್ನೆ ಟ್ರಿಪ್ ಆಗುತ್ತೆ.

ಡಮ್ಮಿ ಲೋಡಿನಲ್ಲೂ ಟ್ರಿಪ್ ಆಗುತ್ತದಾ? ಇಲ್ಲ ಎಂದರೆ ಆಂಟೆನಾ ಕಡೆ ನೋಡಿ. ಎಸ್‌ಡಬ್ಲ್ಯೂಆರ್ (ಆಂಟೆನಾ ಎಷ್ಟು ಹೊಂದುತ್ತಿದೆ ಎನ್ನುವ ಅಳತೆ, 1 ಎಂದರೆ ಪೂರ್ತಿ ಹೊಂದಿದೆ) 2 ಆದಾಗ 11 ಶೇಕಡಾ ಪವರ್ ವಾಪಸ್ ಬರುತ್ತದೆ, 3 ಆದಾಗ 25.

ಡಮ್ಮಿ ಲೋಡಿನಲ್ಲೂ ಆದರೆ ಬ್ಯಾಂಡ್ ಸ್ವಿಚ್ ಮೊದಲು ನೋಡಿ. 40 ಮೀಟರ್ ಫಿಲ್ಟರ್ ಇಟ್ಟುಕೊಂಡು 20 ಮೀಟರಿನಲ್ಲಿ ಪ್ರಸಾರ ಮಾಡಿದರೆ ಆ ಪವರ್ ಹೊರಗೆ ಹೋಗಲು ದಾರಿಯಿಲ್ಲ, ಟ್ರಾನ್ಸಿಸ್ಟರಿಗೇ ಹಿಂದಿರುಗುತ್ತದೆ. ಮಾತಿನ ಮೊದಲ ಅಕ್ಷರಕ್ಕೇ ಟ್ರಿಪ್ ಆದರೆ ರೇಡಿಯೋದ ಓವರ್‌ಶೂಟ್ ಇರಬಹುದು. 30 ವಾಟಿಗೆ ಇಳಿಸಿಟ್ಟ ಕೆಲವು ರೇಡಿಯೋಗಳು ಮೊದಲ ಕೆಲವು ಮಿಲಿಸೆಕೆಂಡ್ 100 ವಾಟ್ ಎಸೆಯುತ್ತವೆ. ನಡುವೆ ಪವರ್ ತಗ್ಗಿಸುವ ಅಟೆನ್ಯುಯೇಟರ್ ಹಾಕಿ ರೇಡಿಯೋವನ್ನು ಪೂರ್ತಿ ಪವರಿನಲ್ಲೇ ಓಡಿಸುವುದು ಒಳ್ಳೆಯ ದಾರಿ. ಪ್ರೊಟೆಕ್ಷನ್ನನ್ನೇ ಕಿತ್ತುಹಾಕುವ ಯೋಚನೆ ಮಾತ್ರ ಬೇಡ.

ಎಸ್‌ಡಬ್ಲ್ಯೂಆರ್ ಮೊದಲಿಗಿಂತ ಚೆನ್ನಾಗಿದೆ, ಆದರೆ ಯಾರಿಗೂ ಕೇಳಿಸ್ತಿಲ್ಲ.

ಆಂಟೆನಾ ಕೇಬಲಾದ ಕೋಯಾಕ್ಸಿನೊಳಗೆ ನೀರು ಹೋಗಿರುವ ಸಾಧ್ಯತೆ ಜಾಸ್ತಿ. ಲಾಸ್ ಜಾಸ್ತಿ ಇರುವ ಕೇಬಲ್, ಹೋಗುವ ಪವರನ್ನೂ ನುಂಗುತ್ತದೆ, ವಾಪಸ್ ಬರುವುದನ್ನೂ ನುಂಗುತ್ತದೆ. ವಾಪಸ್ ಬಂದದ್ದು ಕಡಿಮೆ ಕಂಡಾಗ ಮೀಟರ್ "ಚೆನ್ನಾಗಿದೆ" ಅನ್ನುತ್ತದೆ. 3 ಡಿಬಿ ಲಾಸ್ ಇರುವ ಕೇಬಲಿನ ಆ ತುದಿಯಲ್ಲಿ ಆಂಟೆನಾ ಇಲ್ಲವೇ ಇಲ್ಲ ಎಂದರೂ ಈ ತುದಿಯಲ್ಲಿ ಎಸ್‌ಡಬ್ಲ್ಯೂಆರ್ 3 ಮಾತ್ರ ಕಾಣುತ್ತದೆ. ಡಮ್ಮಿ ಲೋಡನ್ನು ಆಂಟೆನಾ ತುದಿಗೆ ಒಯ್ದು ಅಲ್ಲಿ ಎಷ್ಟು ವಾಟ್ ತಲುಪುತ್ತದೆ ಅಳೆಯಿರಿ.

## ಇನ್ನೂ ಆಳಕ್ಕೆ

ಮಾಸ್ಫೆಟ್ ಸತ್ತಿದೆಯಾ ಅಂತ ಬರೀ ಮಲ್ಟಿಮೀಟರಿನಲ್ಲಿ ಹೇಗೆ ತಿಳಿಯೋದು?

ಮಾಸ್ಫೆಟ್ ಒಂದು ಬಗೆಯ ಟ್ರಾನ್ಸಿಸ್ಟರ್, ಅದರ ಮೂರು ಕಾಲುಗಳು ಗೇಟ್, ಸೋರ್ಸ್, ಡ್ರೇನ್. ಪುಷ್ ಪುಲ್ (ಎರಡು ಮಾಸ್ಫೆಟ್ ಸರದಿಯಲ್ಲಿ ಕೆಲಸ ಮಾಡುವ ಜೋಡಣೆ) ಆಗಿದ್ದರೆ ನಿಮ್ಮ ಪುಣ್ಯ. ಹೋಲಿಸಲು ಪಕ್ಕದಲ್ಲೇ ಇನ್ನೊಂದಿದೆ. ಎರಡೂ ಕಡೆಯ ಗೇಟಿನಿಂದ ಸೋರ್ಸಿಗೆ ಓಮ್ ಅಳೆಯಿರಿ. ಬೋರ್ಡಿನ ರೆಸಿಸ್ಟರುಗಳ ಕಾರಣ ಅಂಕಿ ಏನೇ ಬರಲಿ, ಎರಡೂ ಒಂದೇ ಇರಬೇಕು. ಒಂದು ಕಡೆ ಬಹಳ ಕಡಿಮೆ ಇದ್ದರೆ ಆ ಗೇಟ್ ತೂತಾಗಿದೆ. ಎರಡೂ ಗೇಟು ತಾಮ್ರದಲ್ಲೇ ಸೇರಿಕೊಂಡಿದ್ದರೆ ಒಂದರ ದಾರಿ ಬಿಡಿಸಿ ಅಳೆಯಬೇಕು. ಡ್ರೇನ್ ಮತ್ತು ಸೋರ್ಸ್ ನಡುವೆ ಡಯೋಡ್ ಪರೀಕ್ಷೆಯಲ್ಲಿ ಒಂದು ದಿಕ್ಕಿಗೆ ಅರ್ಧ ವೋಲ್ಟ್ ಆಸುಪಾಸು ಬಂದರೆ ಸರಿ. ಎರಡೂ ದಿಕ್ಕಿಗೆ ಸೊನ್ನೆ ಬಂದರೆ ಶಾರ್ಟ್.

ಇನ್ನೊಂದು ಗುರುತು ಐಡಲ್ ಕರೆಂಟ್. ಡ್ರೈವ್ ಇಲ್ಲದೆ ಕೀ ಒತ್ತಿದಾಗ ಮೊದಲಿನ ಅರ್ಧ ಮಾತ್ರ ಹರಿಯುತ್ತಿದ್ದರೆ ಒಂದು ಕಡೆ ಕೆಲಸ ಮಾಡುತ್ತಿಲ್ಲ. ಸೊನ್ನೆಯೇ ಇದ್ದರೆ ಬಯಾಸ್ ರೆಗ್ಯುಲೇಟರ್ ನೋಡಿ. ಅದು ಕೆಟ್ಟಿರುವುದೇ ಹೆಚ್ಚು.

ಹೊಸ ಮಾಸ್ಫೆಟ್ ಹಾಕಿದೆ, ಒಂದೇ ನಿಮಿಷಕ್ಕೆ ಅದೂ ಹೋಯಿತು.

ಓದುವಾಗಲೇ ಬೇಸರವಾಗುತ್ತದೆ. ಬಹುಪಾಲು ಬಯಾಸನ್ನು ಹಳೆಯದರ ಜಾಗದಲ್ಲೇ ಬಿಟ್ಟು ಆನ್ ಮಾಡಿರುತ್ತಾರೆ. ಐಆರ್‌ಎಫ್510ನಂಥ ಮಾಸ್ಫೆಟ್ಟಿನ ಥ್ರೆಶೋಲ್ಡ್ (ಅದು ತೆರೆದುಕೊಳ್ಳಲು ಶುರುಮಾಡುವ ಗೇಟ್ ವೋಲ್ಟೇಜ್) 2ರಿಂದ 4 ವೋಲ್ಟಿನವರೆಗೆ ಎಲ್ಲಿ ಬೇಕಾದರೂ ಇರಬಹುದು ಎಂದು ಡೇಟಾಶೀಟೇ ಹೇಳುತ್ತದೆ. ಹಳೆಯದು 3.8ರದ್ದು, ಹೊಸದು 2.9ರದ್ದು ಆಗಿದ್ದರೆ ಅದೇ ಬಯಾಸಿಗೆ ಹೊಸದು ಪೂರ್ತಿ ತೆರೆದುಕೊಂಡು ಸುಡುತ್ತದೆ. ಬಯಾಸನ್ನು ಪೂರ್ತಿ ಕೆಳಗಿಳಿಸಿ, ಕರೆಂಟ್ ಮಿತಿ ಇಟ್ಟು, ಡ್ರೈವ್ ಇಲ್ಲದೆ, ಒಂದೊಂದೇ ಕಡೆ ನಿಧಾನವಾಗಿ ಏರಿಸಿ.

ಸೆರಾಮಿಕ್ ಮುಚ್ಚಳದ ಕೆಲವು ಆರ್‌ಎಫ್ ಟ್ರಾನ್ಸಿಸ್ಟರುಗಳಲ್ಲಿ ಬೆರಿಲಿಯಂ ಆಕ್ಸೈಡ್ ಇರುತ್ತದೆ. ಅದರ ಪುಡಿ ಉಸಿರಿನೊಳಗೆ ಹೋದರೆ ವಿಷ. ಸತ್ತದ್ದನ್ನು ಕುತೂಹಲಕ್ಕೂ ಒಡೆಯಬೇಡಿ, ಅರದಿಂದ ಉಜ್ಜಬೇಡಿ.

ಡ್ರೈವ್ ಕೊಡದೇ ಇದ್ದರೂ ಔಟ್‌ಪುಟ್ ಮೀಟರ್ ಏಳುತ್ತೆ.

ಆಂಪ್ಲಿಫೈಯರ್ ತಾನೇ ಆಸಿಲೇಟ್ ಆಗುತ್ತಿದೆ. ತಕ್ಷಣ ಕೀ ಬಿಡಿ. ಔಟ್‌ಪುಟ್ ಹೇಗೋ ಇನ್‌ಪುಟ್ಟಿಗೆ ವಾಪಸ್ ತಲುಪುತ್ತಿದೆ. ಮಾಮೂಲಿ ದಾರಿಗಳು: ಬಲ ಕಳೆದುಕೊಂಡ ಡಿಕಪ್ಲಿಂಗ್ ಕೆಪಾಸಿಟರ್, ಸಡಿಲವಾದ ಗ್ರೌಂಡ್ ಸ್ಕ್ರೂ, ತುಂಡಾದ ಫೀಡ್‌ಬ್ಯಾಕ್ ರೆಸಿಸ್ಟರ್, ಇನ್‌ಪುಟ್ ಔಟ್‌ಪುಟ್ ಕೋಯಾಕ್ಸ್ ಪಕ್ಕಪಕ್ಕ ಕಟ್ಟಿರುವುದು. ಇನ್‌ಪುಟ್ಟಿಗೆ 50 ಓಮ್ ಲೋಡ್ ಹಾಕಿದಾಗ ನಿಂತು, ತೆಗೆದಾಗ ಶುರುವಾದರೆ ಇನ್‌ಪುಟ್ ಅಟೆನ್ಯುಯೇಟರ್ ಸುಟ್ಟಿದೆಯಾ ನೋಡಿ. 3 ಡಿಬಿ ಪೈ ಅಟೆನ್ಯುಯೇಟರಿನಲ್ಲಿ ಎರಡು 292 ಓಮ್, ನಡುವೆ 17.6 ಓಮ್ ಇರುತ್ತದೆ. ಬಿಡಿಸಿ, ಆ ತುದಿ ತೆರೆದಿಟ್ಟು ಈ ತುದಿಯಿಂದ ಅಳೆದರೆ 150 ಓಮ್ ಬರಬೇಕು.

ವಾಲ್ವ್ ಆಂಪ್ಲಿಫೈಯರ್. ಟ್ಯೂಬ್ ಮುದಿಯಾಯ್ತು ಅಂತ ಹೇಗೆ ಗೊತ್ತಾಗುತ್ತೆ?

ಡ್ರೈವ್ ಏರಿಸಿದಾಗ ಪ್ಲೇಟ್ ಕರೆಂಟ್ ಒಂದು ಹಂತಕ್ಕೆ ನಿಂತು ಗ್ರಿಡ್ ಕರೆಂಟ್ ಮಾತ್ರ ಏರುತ್ತಾ ಹೋದರೆ ಎಮಿಷನ್ (ಟ್ಯೂಬಿನೊಳಗೆ ಹೊರಡುವ ಎಲೆಕ್ಟ್ರಾನ್) ಸಾಲುತ್ತಿಲ್ಲ ಎಂಬ ಅನುಮಾನ ಬರಬೇಕು. ಅದಕ್ಕೂ ಮೊದಲು ಮೂರು ವಿಷಯ ನೋಡಿ. ಲೋಡ್ ಕೆಪಾಸಿಟರ್ ಸರಿಯಾಗಿ ಹೊಂದಿಸಿದ್ದೀರಾ? ಲೋಡಿಂಗ್ ಹಗುರವಾಗಿದ್ದರೂ ಗ್ರಿಡ್ ಕರೆಂಟ್ ಏರುತ್ತದೆ. ಹೈ ವೋಲ್ಟೇಜ್ ಮೀಟರ್ ಕಡಿಮೆ ತೋರಿಸುತ್ತಿದೆಯಾ? ಮೀಟರಿನ ಸಾಲು ರೆಸಿಸ್ಟರುಗಳ ಮೌಲ್ಯ ವರ್ಷ ಕಳೆದಂತೆ ಏರಿದ್ದರೆ ನಿಜವಾದ ವೋಲ್ಟೇಜ್ ಸರಿಯಿದ್ದೂ ಮೀಟರ್ ಸುಳ್ಳು ಹೇಳುತ್ತದೆ. ಅದನ್ನು ಪರೀಕ್ಷಿಸಲು ಸಾಮಾನ್ಯ ಮಲ್ಟಿಮೀಟರ್ ಕಡ್ಡಿ ಹಚ್ಚಬೇಡಿ, ಅದು 1000 ವೋಲ್ಟಿನ ಮೇಲೆ ತಡೆಯುವುದಿಲ್ಲ. ಆಫ್ ಮಾಡಿ ಡಿಸ್ಚಾರ್ಜ್ ಮಾಡಿದ ಮೇಲೆ ಆ ರೆಸಿಸ್ಟರುಗಳನ್ನೇ ಒಂದೊಂದಾಗಿ ಅಳೆಯಿರಿ.

ಮೂರನೆಯದು ಫಿಲಮೆಂಟ್. 3-500ಝಡ್ ಟ್ಯೂಬಿಗೆ 5 ವೋಲ್ಟ್, 14 ಆಂಪಿಯರಿಗೂ ಜಾಸ್ತಿ ಬೇಕು. ಸಾಕೆಟ್ ಪಿನ್ನಿನಲ್ಲಿ 0.03 ಓಮ್ ಸಡಿಲವಿದ್ದರೂ ಸುಮಾರು 0.4 ವೋಲ್ಟ್ ಅಲ್ಲೇ ಹೋಗುತ್ತದೆ. 4.6 ವೋಲ್ಟಿಗೆ ಒಳ್ಳೆಯ ಟ್ಯೂಬ್ ಕೂಡ ಮುದಿಯಂತೆ ವರ್ತಿಸುತ್ತದೆ. ಹೈ ವೋಲ್ಟೇಜ್ ಪೂರ್ತಿ ಬೇರ್ಪಡಿಸಿ, ಸಾಕೆಟ್ಟಿನ ಪಿನ್ನಿನ ಮೇಲೆಯೇ ಫಿಲಮೆಂಟ್ ವೋಲ್ಟೇಜ್ ಅಳೆಯಿರಿ. ಆಮೇಲೆ ಆಫ್ ಮಾಡಿ, ಟ್ಯೂಬ್ ಕಿತ್ತು ಪಿನ್ನಿನ ಬಣ್ಣ ನೋಡಿ. ಕಪ್ಪಾಗಿದ್ದರೆ ಸ್ವಚ್ಛ ಮಾಡಿ, ಸಾಕೆಟ್ಟಿನ ಹಿಡಿತ ಬಿಗಿ ಮಾಡಿ, ಮತ್ತೆ ಹಾಕಿ ನೋಡಿ. ಹೊಸ ಟ್ಯೂಬ್ ತರಿಸುವುದು ಅದಾದ ಮೇಲೆ.